ಮೊದಲು ಚಾವಣಿ, ಆಮೇಲೆ ಮೈಕು

ಊರಿನ ಸಮುದಾಯ ಭವನದ ನಕ್ಷೆ ಬರೆಯುವ ಕೆಲಸ ನಿನ್ನ ಕೈಗೆ ಬಂದಿದೆ ಎಂದು ಕೇಳಿ ಸಂತೋಷವಾಯಿತು ಕಣಪ್ಪ. ಇಲ್ಲೇ ಮಣ್ಣಾಡಿ ಬೆಳೆದ ಹುಡುಗ ಎಂಜಿನಿಯರಾಗಿ ಇಲ್ಲಿಗೇ ಒಂದು ಸಭಾಂಗಣ ಕಟ್ಟಿಕೊಡುವುದು ಎಲ್ಲರಿಗೂ ಒದಗುವ ಯೋಗವಲ್ಲ. ಸಮಿತಿಯವರು ನಿನ್ನ ಮುಂದೆ ಏನೇನು ಇಟ್ಟಿರುತ್ತಾರೆ ಎನ್ನುವುದೂ ನನಗೆ ಗೊತ್ತು. ಮುಂಭಾಗಕ್ಕೆ ಗಾಜು, ನೆಲಕ್ಕೂ ಗೋಡೆಗೂ ಫಳಫಳ ಗ್ರಾನೈಟು, ನಡುವೆ ಒಂದು ಗುಮ್ಮಟ, ಗುಮ್ಮಟದಿಂದ ಇಳಿಬಿಟ್ಟ ಗೊಂಚಲು ದೀಪ. ಶಬ್ದದ ಮಾತು ಬಂದಾಗ ಮಾತ್ರ, ‘ಒಳ್ಳೇ ಸೌಂಡ್ ಸಿಸ್ಟಮ್ ಹಾಕ್ಸಿದ್ರಾಯ್ತು ಬಿಡಿ’ ಅನ್ನುತ್ತಾರೆ. ಮಿಕ್ಕ ಯಾವುದಕ್ಕೆ ಬೇಕಾದರೂ ಒಪ್ಪಿಕೋ, ಆ ಒಂದು ಮಾತಿಗೆ ತಲೆಯಾಡಿಸಬೇಡ. ಇಷ್ಟನ್ನು ನಿನ್ನ ಕಿವಿಗೆ ಹಾಕುವುದಕ್ಕೇ ಈ ಕಾಗದ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲಿಗೆ ಹೋದರೂ ಈಗ ಭವನಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಕೂತು ಗಮಕ ವಾಚನ ಕೇಳಿದ್ದೇನೆ, ಹರಿಕಥೆ ಕೇಳಿದ್ದೇನೆ, ಶಾಲಾ ವಾರ್ಷಿಕೋತ್ಸವದ ಭಾಷಣಗಳನ್ನಂತೂ ಲೆಕ್ಕವಿಲ್ಲದಷ್ಟು ಕೇಳಿದ್ದೇನೆ. ಕೇಳಿದ್ದೇನೆ ಅನ್ನುವುದು ಬಾಯಿಮಾತು, ಅರ್ಧಕ್ಕರ್ಧ ಊಹಿಸಿಕೊಂಡಿದ್ದೇನೆ. ಗಮಕಿ ಒಂದು ಪದ ಎತ್ತಿ ಬಿಡುವಷ್ಟರಲ್ಲಿ ಹಿಂದಿನ ಪದ ಇನ್ನೂ ಗೋಡೆಗಳ ನಡುವೆ ಅಲೆದಾಡುತ್ತಿರುತ್ತದೆ. ಎರಡೂ ಒಂದರ ಮೇಲೊಂದು ಬಿದ್ದು ಯಾವುದೂ ಅರ್ಥವಾಗುವುದಿಲ್ಲ. ಐದು ನಿಮಿಷ ಕಷ್ಟಪಟ್ಟ ಜನ ಪಕ್ಕದವರ ಜೊತೆ ಮಾತಿಗೆ ಇಳಿಯುತ್ತಾರೆ. ಸಂಘಟಕರು ಮೈಕು ಹಿಡಿದು ‘ದಯವಿಟ್ಟು ಶಾಂತವಾಗಿರಬೇಕು’ ಎಂದು ಬೇಡುತ್ತಾರೆ, ಕಾರ್ಯಕ್ರಮ ಮುಗಿದ ಮೇಲೆ ನಮ್ಮ ಜನಕ್ಕೆ ಸಂಸ್ಕಾರವಿಲ್ಲ ಎಂದು ಬೈಯುತ್ತಾರೆ. ಕೇಳಿಸದ ಮೇಲೆ ಜನ ಇನ್ನೇನು ಮಾಡಿಯಾರು?

ಇಲ್ಲಿ ಮೈಕು ಏಕೆ ಸಹಾಯಕ್ಕೆ ಬರುವುದಿಲ್ಲ ಎನ್ನುವುದನ್ನು ನೀನು ಸಮಿತಿಗೆ ಬಿಡಿಸಿ ಹೇಳಬೇಕಾಗುತ್ತದೆ. ಕಿವಿಗೆ ಬರುವ ಶಬ್ದದಲ್ಲಿ ಎರಡು ಪಾಲು. ಬಾಯಿಂದಲೋ ಸ್ಪೀಕರಿನಿಂದಲೋ ನೇರ ಬಂದದ್ದು ಒಂದು, ಗೋಡೆ ಚಾವಣಿ ನೆಲಕ್ಕೆ ಬಡಿದು ಬಡಿದು ತಡವಾಗಿ ಬಂದದ್ದು ಇನ್ನೊಂದು. ವಾಲ್ಯೂಮ್ ತಿರುಗಿಸಿದರೆ ಎರಡೂ ಒಂದೇ ಪ್ರಮಾಣದಲ್ಲಿ ಏರುತ್ತವೆ. ಗದ್ದಲ ಹೆಚ್ಚುತ್ತದೆ, ಸ್ಪಷ್ಟತೆ ಇದ್ದಲ್ಲೇ ಇರುತ್ತದೆ. ಲಕ್ಷಗಟ್ಟಲೆ ಸುರಿದು ತಂದ ಪೆಟ್ಟಿಗೆಗಳು ವೇದಿಕೆಯ ಎರಡು ಬದಿಯಲ್ಲಿ ನಿಂತು ಎದುರಿನ ಬರಿ ಗೋಡೆಗೆ ಅರಚುತ್ತವೆ, ಗೋಡೆ ತಿರುಗಿ ಅರಚುತ್ತದೆ.

ಈ ರೋಗಕ್ಕೆ ಮೊದಲು ಅಳತೆ ಕೊಟ್ಟವನು ಹಾರ್ವರ್ಡಿನ ಮೇಷ್ಟ್ರು, ವಾಲೇಸ್ ಸಬೈನ್. ಭೌತಶಾಸ್ತ್ರ ಪಾಠ ಮಾಡಿದ ನನಗೆ ಅವನ ಮೇಲೆ ಒಂದಿಷ್ಟು ಅಭಿಮಾನ ಹೆಚ್ಚು, ಅದನ್ನು ಸಹಿಸಿಕೋ. 1895ರಲ್ಲಿ ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಯಾರ ಮಾತೂ ಯಾರಿಗೂ ಅರ್ಥವಾಗದೆ ಹೋಯಿತು. ಸರಿಪಡಿಸು ಎಂದು ಸಬೈನನಿಗೆ ಹೇಳಿದರು. ಅವನು ರಾತ್ರಿ ಹೊತ್ತು, ಊರು ನಿಶ್ಶಬ್ದವಾದ ಮೇಲೆ, ಒಂದು ಆರ್ಗನ್ ಕೊಳವೆ ಊದಿಸಿ ನಿಲ್ಲಿಸಿ, ಶಬ್ದ ಸಾಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ಕೂತ. ಐದೂವರೆ ಸೆಕೆಂಡಿಗಿಂತ ಹೆಚ್ಚು! ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿದಿಂಬುಗಳನ್ನು ರಾತ್ರಿ ಹೊತ್ತು ತಂದು ಒಂದೊಂದಾಗಿ ಹರಡಿ ಅಳೆದು, ಬೆಳಗಾಗುವುದರೊಳಗೆ ವಾಪಸು ಇಟ್ಟುಬಿಡುತ್ತಿದ್ದ. ಆ ಅಳತೆಗಳಿಂದ ಹೊರಟ ಸೂತ್ರ ಇವತ್ತಿಗೂ ಎಲ್ಲ ಎಂಜಿನಿಯರುಗಳ ಕೈಯಲ್ಲಿದೆ: ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ ಭಾಗಿಸು, ಅನುರಣನದ ಸಮಯ ಸೆಕೆಂಡುಗಳಲ್ಲಿ ಸಿಗುತ್ತದೆ. ಹೀರುವಿಕೆಗೆ ಅವನು ಹಿಡಿದ ಮಾನ ತೆರೆದ ಕಿಟಕಿ. ಕಿಟಕಿಯಿಂದ ಹೋದ ಶಬ್ದ ತಿರುಗಿ ಬರುವುದಿಲ್ಲವಲ್ಲ! ಇದೇ ಲೆಕ್ಕದ ಮೇಲೆ 1900ರಲ್ಲಿ ಬಾಸ್ಟನ್ನಿನ ಸಿಂಫನಿ ಹಾಲ್ ಎದ್ದಿತು. ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳ ಪಟ್ಟಿಯಲ್ಲಿ ಅದು ಇಂದಿಗೂ ಇದೆ.

ಈಗ ನಮ್ಮ ಭವನದ ಲೆಕ್ಕ ಹಾಕೋಣ, ಸಮಿತಿಗೆ ತೋರಿಸಲು ಅನುಕೂಲವಾಗುತ್ತದೆ. ಉದ್ದ 18 ಮೀಟರ್, ಅಗಲ 12, ಎತ್ತರ 5 ಎಂದಿಟ್ಟುಕೊ. ಘನಗಾತ್ರ 1,080 ಘನಮೀಟರ್. ನೆಲ, ಚಾವಣಿ, ಗೋಡೆ ಸೇರಿ 732 ಚದರ ಮೀಟರ್. ಗ್ರಾನೈಟು, ಗಾರೆ, ಕಾಂಕ್ರೀಟು ತಮ್ಮ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಎರಡು ಪಾಲು ಹೀರಿದರೆ ಹೆಚ್ಚು, ಅಂದರೆ ಅಷ್ಟು ದೊಡ್ಡ ಮೈಯೂ 15 ಚದರ ಮೀಟರ್ ಕಿಟಕಿಗೂ ಸಮವಲ್ಲ. ಅದರ ಜೊತೆಗೆ 20 ಚದರ ಮೀಟರಿನಷ್ಟು ಬಾಗಿಲು ಕಿಟಕಿ ತೆರೆದಿಟ್ಟರೂ ಖಾಲಿ ಕೋಣೆಯಲ್ಲಿ ಶಬ್ದ ಐದು ಸೆಕೆಂಡು ಸಾಯುವುದಿಲ್ಲ. ಮಾತು ತಿಳಿಯಬೇಕಾದರೆ ಅದು ಒಂದು ಸೆಕೆಂಡಿನ ಆಸುಪಾಸಿಗೆ ಇಳಿಯಬೇಕು. ಇನ್ನೂರು ಜನ ಬಂದು ಕೂತರು ಅನ್ನು. ಒಬ್ಬೊಬ್ಬರೂ ಸುಮಾರು 0.4 ಚದರ ಮೀಟರ್ ಕಿಟಕಿಯ ಕೆಲಸ ಮಾಡುತ್ತಾರೆ, ಸಮಯ ಒಂದೂವರೆ ಸೆಕೆಂಡಿಗೆ ಬರುತ್ತದೆ. ಪರವಾಗಿಲ್ಲ ಅನ್ನಿಸುತ್ತದೆ ಅಲ್ಲವೇ? ಆದರೆ ನಮ್ಮೂರ ಸಾಹಿತ್ಯ ಸಂಜೆಗೆ ಇನ್ನೂರು ಜನ ಎಂದು ಬಂದಿದ್ದರು ಹೇಳು! ನಲವತ್ತು ಜನ ಬಂದ ದಿನ ಕೋಣೆ ಮತ್ತೆ ಮೂರೂವರೆ ಸೆಕೆಂಡು ಗುಂಯ್‌ಗುಟ್ಟುತ್ತದೆ. ಜನ ಕಡಿಮೆ ಇದ್ದಷ್ಟೂ ಭಾಷಣ ಕೆಟ್ಟದಾಗಿ ಕೇಳುವುದಕ್ಕೆ ಕಾರಣ ಇದು, ಭಾಷಣಕಾರರದೇ ತಪ್ಪಿರಬೇಕಾಗಿಲ್ಲ.

ಇನ್ನು ಮದ್ದು. ಚಾವಣಿಯ ಅರ್ಧಭಾಗಕ್ಕೆ, ಅಂದರೆ ಸುಮಾರು 108 ಚದರ ಮೀಟರಿಗೆ, ನೂರಕ್ಕೆ ಎಪ್ಪತ್ತು ಪಾಲು ಶಬ್ದ ಹೀರುವ ಹಾಳೆ ಹೊಡೆಸು. ಖಾಲಿ ಕೋಣೆ ಐದು ಸೆಕೆಂಡಿನಿಂದ 1.6ಕ್ಕೆ ಇಳಿಯುತ್ತದೆ. ಇನ್ನೂರು ಜನ ಕೂತರೆ 0.9. ಅಷ್ಟೇ ಸಾಕು. ಹಾಳೆ ಯಾವುದು ಎಂದರೆ, ಮಾರುಕಟ್ಟೆಯಲ್ಲಿ ಸಿಗುವ ಮರದ ನಾರು ಮತ್ತು ಸಿಮೆಂಟು ಬೆರೆಸಿದ ಹಲಗೆ ಆದೀತು. ಚನ್ನಪಟ್ಟಣದ ಸುತ್ತ ತೆಂಗಿಗೆ ಬರವಿಲ್ಲ, ಒತ್ತಿದ ತೆಂಗಿನ ನಾರಿನ ದಪ್ಪ ಹಲಗೆಯೂ ಚೆನ್ನಾಗಿ ಹೀರುತ್ತದೆ. ಎರಡು ಎಚ್ಚರ ಬೇಕು. ನಾರಿಗೆ ಬೆಂಕಿ ತಡೆಯುವ ಲೇಪನ ಕಡ್ಡಾಯ. ಹಲಗೆಯನ್ನು ಕಾಂಕ್ರೀಟಿಗೆ ಅಂಟಿಸಿಬಿಡಬೇಡ, ನಾಲ್ಕು ಬೆರಳಷ್ಟಾದರೂ ಗಾಳಿಯ ಜಾಗ ಹಿಂದೆ ಬಿಡು. ಆ ಖಾಲಿ ಜಾಗದಿಂದಲೇ ತಗ್ಗಿನ ಸ್ವರಗಳೂ ಹಿಡಿತಕ್ಕೆ ಬರುತ್ತವೆ. ಮತ್ತೆ, ಹೊಡೆಸಿದ ಮೇಲೆ ಯಾರಾದರೂ ಚೆಂದ ಕಾಣಲಿ ಎಂದು ಅದಕ್ಕೆ ಎರಡು ಕೋಟು ಆಯಿಲ್ ಪೇಂಟ್ ಬಳಿದಾರು! ರಂಧ್ರಗಳು ಮುಚ್ಚಿದರೆ ಹಲಗೆ ಇದ್ದೂ ಇಲ್ಲದಂತೆ. ಪೇಂಟರಿಗೆ ನೀನೇ ಹೇಳು, ಮೇಸ್ತ್ರಿಯ ಮೇಲೆ ಬಿಡಬೇಡ.

ನೆಲದ ಗ್ರಾನೈಟಿನ ಬಗ್ಗೆ ಜಗಳ ತೆಗೆಯಬೇಡ. ಭವನ ಉಳಿಯುವುದು ಮದುವೆಯ ಬಾಡಿಗೆಯಿಂದ, ಮದುವೆಯ ನೆಲ ತೊಳೆಯಲು ಬರುವಂತಿರಬೇಕು. ನೆಲ ಬೀಗರಿಗಿರಲಿ. ಚಾವಣಿಯನ್ನೂ ವೇದಿಕೆಗೆ ಎದುರಿನ ಗೋಡೆಯನ್ನೂ ಕಿವಿಗೆ ಬಿಟ್ಟುಕೊಡಿ ಎಂದು ಕೇಳು. ಇಷ್ಟು ಕೊಡು-ಕೊಳ್ಳುವಿಕೆಗೆ ಸಮಿತಿಯವರು ಒಪ್ಪಿಯಾರು.

ಗುಮ್ಮಟಕ್ಕೆ ಮಾತ್ರ ಜಗಳವಾದರೂ ಸರಿ, ಬೇಡ ಅನ್ನು. ಒಳಬಾಗಿದ ಮೈ ಶಬ್ದವನ್ನು ಹರಡುವುದಿಲ್ಲ, ಒಂದೆಡೆ ಗುಡ್ಡೆ ಹಾಕುತ್ತದೆ. ವಿಜಯಪುರದ ಗೋಳಗುಮ್ಮಟ ನೋಡಿದ್ದೀಯಲ್ಲ. 1656ರಲ್ಲಿ ಮುಗಿದ ಆ ಕಟ್ಟಡದ ಗುಮ್ಮಟ ಹೊರ ಅಳತೆಯಲ್ಲಿ 44 ಮೀಟರ್ ಅಗಲ. ಪಿಸುಮಾತು ಒಳಮೈಗೆ ಅಂಟಿಕೊಂಡೇ ಸಾಗಿ ಎದುರು ಬದಿಗೆ ಮುಟ್ಟುತ್ತದೆ, ಒಂದು ಚಪ್ಪಾಳೆ ಮತ್ತೆ ಮತ್ತೆ ಮರಳುತ್ತದೆ. ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲಿ ಇಂಥ ಪಿಸುಮಾತಿನ ಗ್ಯಾಲರಿಗಳ ಮೇಲೆ ಕೆಲಸ ಮಾಡಿದಾಗ ಗೋಳಗುಮ್ಮಟವನ್ನೂ ಪರಿಶೀಲಿಸಿದ್ದರು. ಮೃದಂಗದ ಮಧ್ಯದ ಕರಣೆ ಅದಕ್ಕೆ ಶ್ರುತಿಬದ್ಧ ನಾದ ಕೊಡುವುದು ಹೇಗೆ ಎಂದು ತೋರಿಸಿದವರೂ ಅವರೇ. ಗೋಳಗುಮ್ಮಟ ಸಮಾಧಿ, ಅಲ್ಲಿ ಆ ಅನುರಣನಕ್ಕೆ ಗಾಂಭೀರ್ಯವಿದೆ. ಅದೇ ವಿದ್ಯೆಯನ್ನು ಚಿಕ್ಕದು ಮಾಡಿ ಪ್ರತಿಭಾ ಪುರಸ್ಕಾರದ ಸಭೆಯ ತಲೆಮೇಲೆ ಕೂರಿಸಿದರೆ ಮಕ್ಕಳ ಹೆಸರು ಕೂಡ ಯಾರಿಗೂ ಕೇಳಿಸದು. ಎದುರುಬದುರು ನೆಟ್ಟಗೆ ನಿಂತ ಎರಡು ನುಣುಪು ಗೋಡೆಗಳದೂ ಅದೇ ತಂಟೆ, ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಪಟಪಟಪಟ ಎಂದು ಓಡಾಡುತ್ತದೆ. ಪಕ್ಕದ ಗೋಡೆಗಳನ್ನು ಒಂದೈದು ಡಿಗ್ರಿ ಹೊರಳಿಸಿ ಕಟ್ಟಿಸು, ಇಟ್ಟಿಗೆಯ ಖರ್ಚು ಹೆಚ್ಚಾಗದು.

ಆಕಾರದ ಮೋಹದ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲಿದೆ. ಕೆ.ಕೆ. ಮೂರ್ತಿಯವರ ಹಟದಿಂದ 1980ರಲ್ಲಿ ಸಿದ್ಧವಾದದ್ದು. ಹೊರಗೆ ನಿಂತರೆ ತಂತಿ, ಕುದುರೆ, ಬಿರಡೆ ಎಲ್ಲ ಕಾಣುತ್ತವೆ. ಒಬ್ಬ ಸಂಗೀತಗಾರನಿಗೆ ಕಟ್ಟಿದ ಗುಡಿಯಾಗಿ ಅದು ಸೊಗಸೇ. ಆದರೆ ಒಳಗೆ ಕೂತವನಿಗೆ ಹೊರಗಿನ ಬಿರಡೆಯಿಂದ ಏನೂ ಒದಗುವುದಿಲ್ಲ, ಒದಗುವುದು ಒಳಗೋಡೆ ಮತ್ತು ಚಾವಣಿಯಿಂದ. ಚೌಡಯ್ಯನವರೇ ಪಿಟೀಲಿಗೆ ಏಳು ತಂತಿ ಹಾಕಿದ್ದು ಚೆಂದಕ್ಕಲ್ಲ, ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವನಿಗೂ ನಾದ ಮುಟ್ಟಲಿ ಎಂದು. ನಿನ್ನ ಭವನವನ್ನು ರೇಷ್ಮೆಗೂಡಿನ ಆಕಾರದಲ್ಲೋ ಬೊಂಬೆಯ ಆಕಾರದಲ್ಲೋ ಕಟ್ಟೋಣ ಎಂದು ಯಾರಾದರೂ ಉತ್ಸಾಹ ತೋರಿಸಿದರೆ ಚೌಡಯ್ಯನವರ ಈ ಏಳು ತಂತಿಯ ಕಥೆ ಹೇಳು.

ತಂತಿ ಅಂದಾಗ ನೆನಪಾಯಿತು. 1800ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿ ತಯಾರಾಗುವುದನ್ನೂ ಅದು ದೂರದೂರದ ಪ್ರಾಂತ್ಯಗಳಿಗೆ ಹೋಗುವುದನ್ನೂ ಬರೆದಿಟ್ಟಿದ್ದಾನೆ. ಮುಂದೆ ಮೈಸೂರು ಗ್ಯಾಸೆಟಿಯರ್ ಕೂಡ ಅರಗಿನ ಬೊಂಬೆಯ ಜೊತೆಗೆ ಈ ತಂತಿಯನ್ನು ಹೆಸರಿಸಿತು. ಬೊಂಬೆ ಉಳಿಯಿತು, ತಂತಿ ನಮ್ಮ ನೆನಪಿನಿಂದಲೇ ಹೋಯಿತು. ವೀಣೆ ಸಿತಾರುಗಳನ್ನು ನುಡಿಸುವ ಉಕ್ಕು ಎಳೆದ ಸೀಮೆಯ ಜನಕ್ಕೆ ನಾದ ದೂರದ ವಸ್ತುವೇನಲ್ಲ, ಸಮಿತಿಯಲ್ಲಿ ಸಮಯ ನೋಡಿ ಇದನ್ನು ಎತ್ತು. ಹೆಮ್ಮೆಯ ಮಾತಿಗೆ ಹಣ ಬೇಗ ಮಂಜೂರಾಗುತ್ತದೆ.

ಎದುರುಗೋಡೆಗೆ ಏನು ಮಾಡಬೇಕು ಎಂದು ನೀನು ಕೇಳುತ್ತೀಯ. ಹ್ಯಾಂಬರ್ಗಿನಲ್ಲಿ 2017ರಲ್ಲಿ ಬಾಗಿಲು ತೆರೆದ ಎಲ್ಬ್‌ಫಿಲ್ಹಾರ್ಮನಿ ಎಂಬ ಸಭಾಂಗಣವಿದೆ, ಚಿತ್ರ ತೆಗೆದು ನೋಡು. ಒಳಮೈಗೆ ಜಿಪ್ಸಮ್ಮಿನ ಸುಮಾರು 10,000 ಹಲಗೆ, ಅವುಗಳ ಮೇಲೆ ಕಂಪ್ಯೂಟರ್ ಲೆಕ್ಕದಿಂದ ಕೊರೆದ ಸುಮಾರು ಹತ್ತು ಲಕ್ಷ ಕುಳಿಗಳು, ಒಂದರಂತೆ ಇನ್ನೊಂದಿಲ್ಲ. ಶಬ್ದ ಕನ್ನಡಿಗೆ ಬಿದ್ದಂತೆ ಒಂದೇ ದಿಕ್ಕಿಗೆ ಹೊಳೆಯದೆ ನಾನಾ ಕಡೆ ಚೆದುರಲಿ ಎಂದು ಜಪಾನಿನ ಯಾಸುಹಿಸಾ ಟೊಯೊಟ ಹೂಡಿದ ಉಪಾಯ. ನಮಗೆ ಅಷ್ಟೆಲ್ಲ ಬೇಕಾಗಿಲ್ಲ, ಮಾಗಡಿಯ ಸೋಮೇಶ್ವರನ ಗುಡಿಗೆ ಹೋಗಿ ಕಂಬದ ಮಂಟಪದಲ್ಲಿ ನಿಂತುಕೋ. ಸುತ್ತಲೂ ಕಲ್ಲೇ ಇದ್ದರೂ ನಮ್ಮ ಭವನಗಳಷ್ಟು ಗದ್ದಲ ಅಲ್ಲಿಲ್ಲ. ಬದಿಗಳು ತೆರೆದಿವೆ, ಕಂಬಗಳು ಮುರಿದು ಮುರಿದು ನಿಂತಿವೆ, ಶಬ್ದಕ್ಕೆ ಸಪಾಟು ಜಾಗ ಸಿಗುವುದೇ ಕಷ್ಟ. ಎದುರುಗೋಡೆಗೆ ಅದೇ ಉಪಾಯ ಸಾಕು. ಚನ್ನಪಟ್ಟಣದಲ್ಲಿ ಮರ ಕಡೆಯುವ ಕೈಗಳಿವೆ. ಅರ್ಧದುಂಡನೆಯ ಉದ್ದ ಕಂಬಗಳನ್ನು ಬೇರೆ ಬೇರೆ ಅಗಲದಲ್ಲಿ ಮಾಡಿಸಿ ಗೋಡೆಗೆ ಸಾಲಾಗಿ ನಿಲ್ಲಿಸು. ಅಗಲ ಒಂದು ಗೇಣಿಗಿಂತ ಕಡಿಮೆಯಾಗಬಾರದು. ಮಾತಿನ ಮುಖ್ಯ ಭಾಗದ ಅಲೆಗಳು ಮೊಳದುದ್ದ ಇರುತ್ತವೆ, ಹಾಲೆಮರದ ಸಣ್ಣ ಮಣಿ ಬುಗುರಿ ಅಂಟಿಸಿದರೆ ಅವು ಲೆಕ್ಕಿಸದೆ ದಾಟಿಹೋಗುತ್ತವೆ. ಅರಗಿನ ಬಣ್ಣ ಬೇಕಿದ್ದರೆ ಹಚ್ಚಿಸು. ಹೀರುವ ಹಲಗೆಗೆ ಬೇಡ ಅಂದ ಬಣ್ಣ ಚೆದುರಿಸುವ ಕಂಬಕ್ಕೆ ಅಡ್ಡಿಯಿಲ್ಲ.

ಭರತನ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವನ್ನು ಪುರುಸೊತ್ತಾದಾಗ ಓದು. ನಾಟ್ಯಮಂದಿರ ಅತಿ ದೊಡ್ಡದಾದರೆ ಮಾತು ಅಸ್ಪಷ್ಟವಾಗುತ್ತದೆ, ಮುಖದ ಭಾವವೂ ಕಾಣದು ಎಂದು ಎಚ್ಚರಿಸಿ, ಮನುಷ್ಯರಿಗೆ 64 ಹಸ್ತ ಉದ್ದ 32 ಹಸ್ತ ಅಗಲ ಸಾಕು ಅನ್ನುತ್ತಾನೆ. ಮಂಟಪ ಬೆಟ್ಟದ ಗುಹೆಯ ಹಾಗಿರಲಿ, ಕಿಟಕಿ ಚಿಕ್ಕದಿರಲಿ, ಗಾಳಿಯ ಹೊಡೆತ ಬೇಡ, ಆಗ ದನಿಗೆ ಗಾಂಭೀರ್ಯ ಬರುತ್ತದೆ ಎಂದೂ ಹೇಳುತ್ತಾನೆ. ಗುಹೆ ಎಂದರೆ ಏನೆಂದು ನಮ್ಮ ಸೀಮೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ನಮ್ಮ ಬಂಡೆಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ರಾಮನಗರದ ಹಳೆ ಹೆಸರನ್ನೇ ಇಟ್ಟಿದ್ದಾರೆ. ಗುಹೆಯ ಮೈ ಉಬ್ಬು ತಗ್ಗು, ಒಂದು ಬದಿ ಬಯಲಿಗೆ ತೆರೆದದ್ದು, ಆದ್ದರಿಂದಲೇ ಒಳಗೆ ದನಿ ತುಂಬಿಕೊಂಡರೂ ಕಲಸಿಹೋಗುವುದಿಲ್ಲ. ಅದೇ ಕಲ್ಲನ್ನು ಕೊಯ್ದು, ಉಜ್ಜಿ, ಕನ್ನಡಿ ಮಾಡಿ ನಾಲ್ಕು ಗೋಡೆಗೂ ಅಂಟಿಸಿದಾಗ ಕಥೆ ಕೆಡುತ್ತದೆ.

ಹೀಗೆಂದು ಬೆಟ್ಟವನ್ನೇ ಸಭಾಂಗಣ ಮಾಡೋಣ ಎಂದು ಹೊರಡಬೇಡ. ‘ಶೋಲೆ’ ತೆಗೆದ ಜಾಗ, ಅಲ್ಲೊಂದು ಸಂಗೀತೋತ್ಸವ ಮಾಡಿದರೆ ಜನ ಬರುತ್ತಾರೆ ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮ. ಆ ಬಂಡೆಗಳ ಅಂಚಿನಲ್ಲಿ ಗೂಡು ಕಟ್ಟುವ ಹಕ್ಕಿಗಳ ಎದುರು ಸ್ಪೀಕರ್ ತಿರುಗಿಸಿ ಇಡುವುದು ಸಂಗೀತಸೇವೆ ಅನ್ನಿಸಿಕೊಳ್ಳುವುದಿಲ್ಲ.

ಬಯಲಲ್ಲಿ ಕೇಳಬೇಕಾದ್ದಕ್ಕೆ ಬೇರೆ ಜಾಗವಿದೆ. ತಮಟೆ, ಡೊಳ್ಳು, ಪೂಜಾ ಕುಣಿತ ಇವೆಲ್ಲ ಬಯಲಿಗೆಂದೇ ಹುಟ್ಟಿದವು. ಊರ ತುದಿಗೆ ಕೇಳಲಿ ಎಂದು ಹದಗೊಳಿಸಿದ ತಮಟೆಯನ್ನು ಕಾಂಕ್ರೀಟು ಡಬ್ಬಿಯೊಳಗೆ ಬಾರಿಸಿದರೆ ಬಾರಿಸಿದವನಿಗೂ ಹಿಂಸೆ, ಮುಂದಿನ ಸಾಲಿನ ಮಕ್ಕಳಿಗೂ ಹಿಂಸೆ. ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದಾಗ ಅದರೊಳಗೆ ಬಯಲು ರಂಗಮಂದಿರಕ್ಕೆ ಜಾಗ ಇಟ್ಟದ್ದು ಎಷ್ಟು ತಿಳಿದ ಕೆಲಸ ಎನ್ನುವುದು ಲೋಕೋತ್ಸವದ ದಿನ ಹೋಗಿ ಮೆಟ್ಟಿಲ ಮೇಲೆ ಕೂತರೆ ಗೊತ್ತಾಗುತ್ತದೆ. ಗ್ರೀಸಿನ ಎಪಿಡಾರಸ್ ಬಯಲು ರಂಗಮಂದಿರದ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಬಂತು. ಸಾಲುಸಾಲು ಕಲ್ಲಿನ ಆಸನಗಳೇ ತಗ್ಗಿನ ಗದ್ದಲವನ್ನು ಕುಗ್ಗಿಸಿ, ನಟನ ದನಿಯ ಏರುಸ್ವರಗಳನ್ನು ಹಿಂದಕ್ಕೆ ಒಯ್ಯುತ್ತವಂತೆ. ಎರಡು ಸಾವಿರ ವರ್ಷಕ್ಕೂ ಹಳೆಯ ಮೆಟ್ಟಿಲು! ಭವನದ ಹಿತ್ತಲಲ್ಲಿ ನಿನಗೆ ಇಳಿಜಾರು ಜಾಗ ಸಿಕ್ಕರೆ ಹತ್ತು ಸಾಲು ಕಲ್ಲು ಮೆಟ್ಟಿಲು, ವೇದಿಕೆಯ ಬೆನ್ನಿಗೆ ಒಂದು ಗಟ್ಟಿ ಗೋಡೆ, ಇಷ್ಟು ಹಾಕಿಸು. ಬೆನ್ನಗೋಡೆ ಇಲ್ಲದಿದ್ದರೆ ಅರ್ಧ ದನಿ ಹೊಲದ ಪಾಲು. ವೇದಿಕೆಯ ಮೂರು ಕಡೆಯೂ ಜನ ಕೂರುವಂತಿರಲಿ. 1963ರಲ್ಲಿ ಬರ್ಲಿನ್ನಿನ ಫಿಲ್ಹಾರ್ಮನಿ ಕಟ್ಟಿದ ಹಾನ್ಸ್ ಶಾರೂನ್, ಸಂಗೀತ ನಡೆದಲ್ಲಿ ಜನ ತಾವಾಗಿಯೇ ಸುತ್ತ ನೆರೆಯುತ್ತಾರೆ ಎಂದು ಗಮನಿಸಿ ವಾದ್ಯಗೋಷ್ಠಿಯನ್ನು ನಡುವಿಗೆ ತಂದ. ನಮ್ಮ ಜಾತ್ರೆಯಲ್ಲಿ ತಮಟೆ ಸುತ್ತ ನಿಲ್ಲುವ ಜನಕ್ಕೆ ಅದು ಹೊಸ ಸಂಗತಿಯೇನಲ್ಲ.

ಒಂದೇ ಕೋಣೆ ಭಾಷಣಕ್ಕೂ ಬೇಕು, ವೀಣೆಗೂ ಬೇಕು, ನಾಗಸ್ವರಕ್ಕೂ ಬೇಕು ಅನ್ನುವ ಕಷ್ಟ ಎಲ್ಲ ಕಡೆಯೂ ಇದೆ. ಪ್ಯಾರಿಸ್ಸಿನ ಇರ್ಕಾಮ್ ಸಂಸ್ಥೆ 1978ರಲ್ಲಿ ಇದಕ್ಕೆಂದೇ ಒಂದು ಪ್ರಯೋಗಶಾಲೆ ತೆರೆಯಿತು. ಗೋಡೆ ಚಾವಣಿಯ ತುಂಬ ತಿರುಗುವ ತ್ರಿಕೋನ ಪಟ್ಟಿಗಳು, ಒಂದು ಮುಖ ಹೀರುತ್ತದೆ, ಇನ್ನೊಂದು ಮರಳಿಸುತ್ತದೆ, ಮತ್ತೊಂದು ಚೆದುರಿಸುತ್ತದೆ. ಚಾವಣಿಯೂ ಏರಿಳಿಯುತ್ತದೆ. ನಮ್ಮ ಮಟ್ಟಿಗೆ ಪಕ್ಕದ ಗೋಡೆಗಳುದ್ದಕ್ಕೂ ಸರಿಯುವ ದಪ್ಪ ಹತ್ತಿಯ ಪರದೆ ಸಾಕು. ಸಭೆಯ ದಿನ ಎಳೆದುಬಿಡು, ಕಛೇರಿಯ ದಿನ ಸರಿಸಿಬಿಡು. ಪರದೆಯಲ್ಲಿ ನಿರಿಗೆ ಧಾರಾಳವಾಗಿರಲಿ, ಗೋಡೆಯಿಂದ ಒಂದು ಗೇಣು ದೂರವಿರಲಿ. ಒಗೆಯಲು ಬಿಚ್ಚಲು ಬರುವ ಹಾಗೆ ಕೊಕ್ಕೆ ಹಾಕಿಸು, ಇಲ್ಲದಿದ್ದರೆ ಎರಡು ವರ್ಷದಲ್ಲಿ ಧೂಳು ಹಿಡಿದಿದೆ ಎಂದು ಯಾರೋ ಕಿತ್ತು ಹಾಕುತ್ತಾರೆ.

ಹೊರಗಿನ ಗದ್ದಲದ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಹೆದ್ದಾರಿ, ರೈಲುಹಳಿ ಕಡೆಗೆ ಬಾಗಿಲು ಇಡಬೇಡ, ಅಡಿಗೆಮನೆ ಮತ್ತು ಉಗ್ರಾಣವನ್ನು ಆ ಬದಿಗೆ ತಳ್ಳು. ಜನರೇಟರ್ ದೂರ ಇರಲಿ. ತಗಡಿನ ಚಾವಣಿ ಹಾಕಿದರೆ ಮಳೆ ಬಂದ ದಿನ ಸಭೆ ಮುಗಿದಂತೆಯೇ. ಫ್ಯಾನುಗಳನ್ನು ನಿಧಾನವಾಗಿ ತಿರುಗುವ ದೊಡ್ಡ ಅಲಗಿನವನ್ನೇ ಆರಿಸು.

ಇಷ್ಟಾದ ಮೇಲೆ ಮೈಕು ತರಿಸು, ನಾನು ಮೈಕಿನ ವಿರೋಧಿಯಲ್ಲ. ಎರಡು ದೈತ್ಯ ಪೆಟ್ಟಿಗೆಗಳ ಬದಲು ಪಕ್ಕದ ಗೋಡೆಗಳಲ್ಲಿ ಜನರಿಗೆ ಹತ್ತಿರವಾಗಿ ಸಣ್ಣ ಸ್ಪೀಕರುಗಳು, ತಗ್ಗಿದ ದನಿಯಲ್ಲಿ. ಆಗ ನೇರ ಬರುವ ಪಾಲು ಹೆಚ್ಚುತ್ತದೆ, ಅಲೆದು ಬರುವ ಪಾಲು ತಗ್ಗುತ್ತದೆ.

ಅಂದಾಜುಪಟ್ಟಿ ಇನ್ನೂ ನಿನ್ನ ಮೇಜಿನ ಮೇಲಿದೆ ಎಂದುಕೊಂಡಿದ್ದೇನೆ. ಅದರಲ್ಲಿ ‘ಶಬ್ದದ ಚಾವಣಿ ಮತ್ತು ಎದುರುಗೋಡೆ’ ಎಂದು ಬೇರೆಯದೇ ಬಾಬ್ತು ಬರೆ, ‘ಇತರೆ’ ಕೆಳಗೆ ಸೇರಿಸಬೇಡ. ‘ಇತರೆ’ ಮೊದಲು ಕತ್ತರಿ ಬೀಳುವ ಜಾಗ. ಹಣ ಸಾಲದೆ ಬಂದರೆ ಗೊಂಚಲು ದೀಪ ತೆಗೆದುಬಿಡು. ಗಾರೆ ಕೆಲಸ ಶುರುವಾಗುವ ಮೊದಲು ನಕ್ಷೆ ತಂದು ತೋರಿಸು, ಲೆಕ್ಕ ಇಬ್ಬರೂ ಕೂತು ಮತ್ತೊಮ್ಮೆ ಹಾಕೋಣ.